ಹುಳು ಮುಟ್ಟದ ಸೊಪ್ಪು

ನಮ್ಮ ಮನೆಯಲ್ಲಿ ಹುಳು ಇದ್ದಷ್ಟು ದಿನ ಒಗ್ಗರಣೆ ಇರುತ್ತಿರಲಿಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕಿದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ರೇಷ್ಮೆ ಹುಳುವಿಗೆ ವಾಸನೆ ಆಗುವುದಿಲ್ಲ. ಬೆಳ್ಳುಳ್ಳಿ, ಬೀಡಿ, ಊದುಬತ್ತಿ, ಸೀಮೆಎಣ್ಣೆ, ಮುಖಕ್ಕೆ ಹಚ್ಚುವ ಪೌಡರು, ಯಾವುದೂ ಆಗುವುದಿಲ್ಲ. ಅನುಕೂಲಸ್ಥರು ಹುಳುವಿಗೆ ಬೇರೆ ಮನೆಯನ್ನೇ ಕಟ್ಟಿಸಿಕೊಂಡಿದ್ದರು. ನಾವು ಮಾತ್ರ ಹುಳುವಿನ ಜೊತೆ ಒಂದೇ ಸೂರಿನಡಿ ಸಂಸಾರ ಮಾಡುತ್ತಿದ್ದೆವು. ಬೀದಿ ಬಾಗಿಲು ದಾಟಿದರೆ ಪಡಸಾಲೆ, ಅದರ ಬಲಕ್ಕೆ ಹುಳು ಕೋಣೆ, ಹಿಂದೆ ಅಡುಗೆಮನೆ, ಎಲ್ಲಕ್ಕಿಂತ ಕೊನೆಗೆ ಹಿತ್ತಿಲಿಗೆ ತೆರೆದುಕೊಂಡ ಸೊಪ್ಪಿನ ಕೋಣೆ. ತೋಟದಿಂದ ತಂದ ಹಿಪ್ಪುನೇರಳೆ ಸೊಪ್ಪನ್ನು ಒದ್ದೆ ಗೋಣಿಚೀಲ ಹೊದಿಸಿ ಅಲ್ಲಿ ತಂಪಾಗಿ ಇಡುತ್ತಿದ್ದರು. ಅಗಲವಾದ ಬಿದಿರು ತಟ್ಟೆಗಳಲ್ಲಿ ಒಂದರ ಮೇಲೊಂದು ಹುಳುಗಳನ್ನು ಇಟ್ಟ ಹುಳು ಕೋಣೆ ಅಮ್ಮನ ರಾಜ್ಯ. ಒಳಗೆ ಹೋಗುವವರು ಕಾಲು ತೊಳೆದು ಹೊಸಿಲಲ್ಲಿ ಹರಡಿದ ಸುಣ್ಣವನ್ನು ತುಳಿದೇ ಹೋಗಬೇಕು, ತಲೆಗೆ ಎಣ್ಣೆ ಹಚ್ಚಿದ ದಿನ ಅತ್ತ ಸುಳಿಯಬಾರದು. ಊಟವೆಂದರೆ ಮುದ್ದೆ, ಜೊತೆಗೆ ಉಪ್ಪು ಹುಣಸೆ ಬಿದ್ದ ಬೇಳೆ ಸಾರು. ಗೂಡು ಮಾರುಕಟ್ಟೆಗೆ ಹೋಗಿ ಅಪ್ಪ ಖಾಲಿ ಚೀಲ ಹಿಡಿದು ವಾಪಸು ಬಂದ ಮೇಲೆ ಅಮ್ಮ ಒಲೆಯ ಮೇಲೆ ಸಣ್ಣ ಬಾಣಲೆ ಇಡುತ್ತಿದ್ದಳು. ಸಾಸಿವೆ ಸಿಡಿದು, ಇಂಗು ಬೆಳ್ಳುಳ್ಳಿಯ ಘಮ ಪಡಸಾಲೆಗೆ ಬಂದಾಗ ನನಗೆ ಅಳು ಬರುವಷ್ಟು ಸಂತೋಷವಾಗುತ್ತಿತ್ತು. ಯುಗಾದಿ, ಗೌರಿ ಹಬ್ಬಗಳೆಲ್ಲ ನನ್ನ ಪಾಲಿಗೆ ಅದರ ನಂತರವೇ.

ಇಂಥ ಮನೆಗೆ ಅಪ್ಪ ಎರಡು ಕಾರ್ಬೊರೇಟರಿನ ಮೋಟಾರುಬೈಕು ತಂದರು. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮೊದಲು ತೊಂಡೇಬಾವಿಯಲ್ಲಿದ್ದರು, ಆಮೇಲೆ ಮಂಡಿಕಲ್ಲಿನ ಹತ್ತಿರದ ಒಂದು ಹಳ್ಳಿಗೆ ವರ್ಗವಾಯಿತು. ಬಸ್ಸು ನಂಬಿದರೆ ಮೊದಲನೇ ಪಿರಿಯಡ್ಡು ತಪ್ಪುವುದು ಖಂಡಿತ ಎಂಬ ನೆಪ ಸಿಕ್ಕಿತು. ತೊಂಡೇಬಾವಿಯ ದಿನಗಳಲ್ಲಿ ಸ್ನೇಹವಾಗಿದ್ದ ಅಲೀಪುರದ ಅಬ್ಬಾಸಣ್ಣ, ಉಂಗುರದ ಕಲ್ಲುಗಳಿಗೆ ಸಾಣೆ ಹಿಡಿಯುವವರು, ತಮ್ಮ ಹಳೇ ಗಾಡಿಯನ್ನು ಅಪ್ಪನಿಗೆ ಕೊಟ್ಟರು. ಆಗಲೇ ಅದು ನನಗಿಂತ ದೊಡ್ಡ ವಯಸ್ಸಿನದು. ಬೀದಿಯವರು ಅದನ್ನು ಡಬಲ್ ಗಾಡಿ ಎನ್ನುತ್ತಿದ್ದರು. ಎಂಜಿನ್ನಿನ ಹಿಂದೆ ಅಕ್ಕಪಕ್ಕ ಎರಡು ಕಾರ್ಬೊರೇಟರು. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಅದು ಎಂದು ಅಪ್ಪ ನನಗೆ ಪಾಠ ಮಾಡಿದರು. 'ಇವೆರಡೂ ಗಾಡಿಯ ಮೂಗಿನ ಹೊಳ್ಳೆಗಳು ಕಣಮ್ಮ, ಇದರಲ್ಲೇ ಉಸಿರಾಡೋದು' ಎಂದರು. ಬಂದ ಕೆಲವೇ ವಾರಗಳಲ್ಲಿ ಎಡಗಡೆಯ ಹೊಳ್ಳೆಗೆ ನೆಗಡಿ ಹಿಡಿಯಿತು. ಅದರ ಬುಡದಿಂದ ಪೆಟ್ರೋಲು ಹನಿಹನಿಯಾಗಿ ಬೀಳತೊಡಗಿತು.

ಬೀದಿಯಲ್ಲಿ ನಿಲ್ಲಿಸಿದರೆ ಹುಡುಗರು ಹತ್ತಿ ಕೂತು ವೈರು ಕೀಳುತ್ತಾರೆಂದು ಅಪ್ಪ ಸಂಜೆ ಮೆಟ್ಟಿಲಿಗೆ ಹಲಗೆ ಹಾಕಿ ಗಾಡಿಯನ್ನು ಪಡಸಾಲೆಗೇ ಹತ್ತಿಸುತ್ತಿದ್ದರು. ಹುಳು ಕೋಣೆಗೂ ಗಾಡಿಗೂ ನಡುವೆ ಒಂದು ಮರದ ಬಾಗಿಲು, ಒಂದು ಒದ್ದೆ ಗೋಣಿಯ ಪರದೆ. ಅದೇ ಕಾಲಕ್ಕೆ ಒಂದು ಬೆಳೆಯಲ್ಲಿ ಅರ್ಧಕ್ಕರ್ಧ ಹುಳು ಸೊರಗಿ ಹೋಯಿತು. ಅಮ್ಮನ ಮಟ್ಟಿಗೆ ತೀರ್ಮಾನ ಆಗಿಹೋಯಿತು. ಅಪ್ಪ ಮಾತ್ರ ಕ್ಲಾಸಿನಲ್ಲಿ ನಿಂತವರ ಹಾಗೆ ವಾದ ಮಾಡಿದರು.

"ಹುಳಕ್ಕೆ ಸೀಕು ಬಂದಿದ್ದು ಪೆಟ್ರೋಲಿನಿಂದ್ಲೇ ಅನ್ನೋಕೆ ಏನೇ ಆಧಾರ? ಟ್ಯಾಪ್ ಮುಚ್ಚಿರ್ತೀನಲ್ಲ ನಾನು!"

"ಆಧಾರ ಬೇಕಾ ನಿಮಗೆ? ತಟ್ಟೆ ತುಂಬ ಬಿದ್ದಿದ್ವಲ್ಲ, ಅದೇ ಆಧಾರ. ಇಂಕ ಚಾಲು. ಮುಂದಿನ ಬೆಳೇಲಿ ವಾಸನೆಯಿಂದ ಹುಳಕ್ಕೆ ಏನಾದ್ರೂ ಆದ್ರೆ ಗಾಡಿ ಈ ಮನೇಲಿರಲ್ಲ."

ಅಮ್ಮನ ತವರು ಚಿಂತಾಮಣಿಯ ಆಚೆ. ಕೋಪ ಬಂದರೆ ಮಾತು ತೆಲುಗಿಗೆ ಹೊರಳುತ್ತಿತ್ತು. 'ಇಂಕ ಚಾಲು' ಬಂತೆಂದರೆ ಇನ್ನು ಮಾತು ಮುಗಿಯಿತು ಎಂದೇ ಅರ್ಥ. ಅಪ್ಪನೂ ಸುಮ್ಮನೆ ಕೂರಲಿಲ್ಲ. ಪೆಟ್ರೋಲ್ ಟ್ಯಾಪಿಗೆ ಹೊಸ ವಾಷರು ಹಾಕಿದರು, ಹನಿ ಕಡಿಮೆಯಾಯಿತು, ನಿಲ್ಲಲಿಲ್ಲ. ಚಿಕ್ಕಬಳ್ಳಾಪುರದ ಮೆಕ್ಯಾನಿಕ್ಕು ಕಾರ್ಬೊರೇಟರ್ ಬಿಚ್ಚಿ ಅದರೊಳಗಿನ ಸೂಜಿ ಬದಲಾಯಿಸಿಕೊಟ್ಟ, ಒಂದು ವಾರ ಒಣಗಿದಂತಿದ್ದು ಮತ್ತೆ ಶುರುವಾಯಿತು. ಕೊನೆಗೆ ಅಪ್ಪ ಹನಿ ಬೀಳುವ ಜಾಗಕ್ಕೆ ಒಂದು ತೆಂಗಿನ ಚಿಪ್ಪು ಇಟ್ಟು, ಬೆಳಗಾದರೆ ಅದನ್ನು ಅಮ್ಮನ ಕಣ್ಣಿಗೆ ಬೀಳದಂತೆ ಹಿತ್ತಿಲಿಗೆ ಒಯ್ಯುತ್ತಿದ್ದರು.

ಅಮ್ಮನ ಕಣ್ಣು ತಪ್ಪಿಸಬಹುದಿತ್ತು, ನನ್ನ ಮೂಗು ತಪ್ಪಿಸುವಂತಿರಲಿಲ್ಲ. ಆ ಮನೆಯಲ್ಲಿ ನಾನು ಒಬ್ಬಳೇ ಮಗಳು, ಜೊತೆಗೆ ಮೂಗಿನ ಇನ್ಸ್‌ಪೆಕ್ಟರು. ವಾಸನೆಯಿಲ್ಲದ ಮನೆಯಲ್ಲಿ ಬೆಳೆದದ್ದಕ್ಕೋ ಏನೋ, ಮೂರನೇ ಮನೆಯಲ್ಲಿ ಯಾರೋ ಬೀಡಿ ಹಚ್ಚಿದರೆ ನನಗೆ ಗೊತ್ತಾಗುತ್ತಿತ್ತು. ಅಮ್ಮ ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕುವ ಮೊದಲು ನನ್ನನ್ನು ಹೊಸಿಲ ಹತ್ತಿರ ನಿಲ್ಲಿಸಿ, 'ನೋಡಮ್ಮ ಸುಮಾ, ಏನಾದ್ರೂ ಬರ್ತಿದೆಯಾ?' ಎಂದು ಕೇಳುತ್ತಿದ್ದಳು. ಅಪ್ಪ ಪಡಸಾಲೆಯ ಆ ಕಡೆ ಶರಟಿನ ಗುಂಡಿ ಹಾಕಿಕೊಳ್ಳುತ್ತ ನನ್ನ ಮುಖವನ್ನೇ ನೋಡುತ್ತಿರುತ್ತಿದ್ದರು. ಭಾನುವಾರ ಗಾಡಿಯ ಟ್ಯಾಂಕಿನ ಮೇಲೆ ಕೂತು ತೋಟಕ್ಕೆ ಹೋಗುವುದೆಂದರೆ ನನಗೆ ಪ್ರಾಣ. ಆದರೂ ಬರುತ್ತಿದ್ದರೆ ಬರುತ್ತಿದೆ ಎನ್ನುತ್ತಿದ್ದೆ, ಇಲ್ಲದಿದ್ದರೆ ಇಲ್ಲ ಎನ್ನುತ್ತಿದ್ದೆ. ಅಪ್ಪ ಒಂದು ದಿನವೂ ಅದಕ್ಕಾಗಿ ಮುಖ ಸಿಂಡರಿಸಲಿಲ್ಲ. ನಾನು ಮುಂದೆ ಕೆಮಿಸ್ಟ್ರಿ ಓದಿ ಪಾಠ ಹೇಳುವವಳಾಗಿದ್ದರ ಬೇರು ಆ ಸುಣ್ಣದ ಹೊಸಿಲಲ್ಲೇ ಇದೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಮುಂದಿನ ಬೆಳೆಯ ಹುಳು ಚೆನ್ನಾಗಿ ಬಂತು. ಹುಳು ಮೇಯುವುದನ್ನು ಬಿಟ್ಟು, ತಲೆಯೆತ್ತಿ ಕೂತು, ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ, ಆ ಕೆಲವು ದಿನ ಹೊಟ್ಟೆ ತುಂಬ ಮೇದರಷ್ಟೇ ಗೂಡು ಗಟ್ಟಿ. ಹುಳು ನಾಲ್ಕನೇ ಜ್ವರಕ್ಕೆ ಕೂತ ದಿನ ಅಮ್ಮ ಅಪ್ಪನಿಗೆ ಹೇಳಿದಳು.

"ಇವತ್ತಿಂದ ಗಾಡಿ ಪಡಸಾಲೇಲಿ ಬೇಡ ರೀ. ಹುಳಕ್ಕೆ ಎಷ್ಟು ದೂರ ಆಗುತ್ತೋ ಅಷ್ಟು ದೂರ ಇಡಿ."

ಮನೆಯಲ್ಲಿ ಹುಳು ಕೋಣೆಗೆ ಅತಿ ದೂರದ ಜಾಗ ಯಾವುದು? ಸೊಪ್ಪಿನ ಕೋಣೆ. ಅಪ್ಪ ಹಿತ್ತಿಲ ಬಾಗಿಲಿನಿಂದ ಗಾಡಿ ತಂದರು. ಹ್ಯಾಂಡಲ್ಲು ಬಾಗಿಲಿಗೆ ಸಿಕ್ಕಿಕೊಂಡಾಗ ಅಮ್ಮನೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ತಳ್ಳಿದಳು. ಇಬ್ಬರೂ ಸೇರಿ, ಬಹಳ ದಿನದ ಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತ, ಹನಿಯುವ ಗಾಡಿಯನ್ನು ಸೊಪ್ಪಿನ ರಾಶಿಯ ಪಕ್ಕದಲ್ಲಿ ನಿಲ್ಲಿಸಿದರು. ಹುಳುವಿನಿಂದ ಪೆಟ್ರೋಲನ್ನು ದೂರ ಇಡುವ ಭರದಲ್ಲಿ, ಹುಳು ತಿನ್ನುವುದು ಏನನ್ನು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಹುಳು ಜ್ವರಕ್ಕೆ ಕೂತಿದ್ದ ಆ ಎರಡು ದಿನ ನಾನು ಸೊಪ್ಪಿನ ಕೋಣೆಗೆ ಕಾಲಿಟ್ಟಿರಲಿಲ್ಲ. ನನ್ನ ಕಾವಲು ಇದ್ದದ್ದು ಹುಳು ಕೋಣೆಯ ಹೊಸಿಲಿಗೆ ಮಾತ್ರ.

ಹುಳು ಜ್ವರ ಎದ್ದ ಬೆಳಿಗ್ಗೆ ಅಮ್ಮ ಎಲ್ಲ ತಟ್ಟೆಗಳಿಗೂ ಸೊಪ್ಪು ಹರಡಿದಳು. ಸಾವಿರಾರು ಹುಳು ಒಟ್ಟಿಗೆ ಮೇಯುವಾಗ ಒಂದು ಸದ್ದು ಬರುತ್ತದೆ, ಪಕ್ಕದ ಕೋಣೆಯಲ್ಲಿ ಯಾರೋ ಅಕ್ಕಿ ಕೇರುತ್ತಿರುವ ಹಾಗೆ. ನಾವು ಮೂವರೂ ಆ ಸದ್ದಿಗಾಗಿ ಬಾಗಿಲಲ್ಲಿ ನಿಂತೆವು. ಸದ್ದು ಬರಲಿಲ್ಲ. ಹುಳುಗಳು ಸೊಪ್ಪಿನ ಮೇಲೆ ಹತ್ತಿ, ತಲೆಯನ್ನು ಅತ್ತ ಇತ್ತ ಆಡಿಸಿ, ಪಕ್ಕಕ್ಕೆ ಸರಿದು ಕೂತವು. ಅಮ್ಮ ಒಂದು ಎಲೆ ತೆಗೆದು ನನ್ನ ಮೂಗಿಗೆ ಹಿಡಿದಳು.

"ಪೆಟ್ರೋಲು" ಎಂದೆ.

ಯಾರೂ ಬೈಯಲಿಲ್ಲ. ಬೈಯಬೇಕಾದರೆ ಇಬ್ಬರನ್ನೂ ಬೈಯಬೇಕಿತ್ತು. ಅಮ್ಮ ಕೂಡಲೇ ತಟ್ಟೆಗಳಿಂದ ಆ ಸೊಪ್ಪನ್ನು ಒಂದೊಂದೇ ಎಲೆಯಾಗಿ, ಹುಳುವಿಗೆ ನೋವಾಗದಂತೆ ತೆಗೆಯತೊಡಗಿದಳು. ಅಪ್ಪ ಸೋಪಿಲ್ಲದೆ ತಲೆಗೆ ನೀರು ಸುರಿದುಕೊಂಡು, ಒಗೆದಿಟ್ಟ ಬಟ್ಟೆ ಹಾಕಿಕೊಂಡು ತೋಟಕ್ಕೆ ಓಡಿದರು. ಹಿಂದೆ ನಾನು. ಗಾಡಿ ಇದ್ದೂ ಗಾಡಿ ಮುಟ್ಟುವಂತಿರಲಿಲ್ಲ, ಅದರ ಮೇಲೆ ತಂದರೆ ಈ ಸೊಪ್ಪೂ ನಾರುತ್ತಿತ್ತು. ಚಿಂತಾಮಣಿ ರಸ್ತೆಯ ಟೀ ಅಂಗಡಿಯ ಮುಂದೆ ಅಪ್ಪ ಪ್ಯಾಂಟು ಮಡಚಿ, ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಬರುವಾಗ ಒಬ್ಬರು ಕೂಗಿ ಕೇಳಿದರು.

"ಏನ್ ಮೇಷ್ಟ್ರೇ, ಡಬಲ್ ಗಾಡಿ ಎಲ್ಲಿ?"

"ಹುಷಾರಿಲ್ಲ ಕಣಪ್ಪ ಅದಕ್ಕೆ" ಎಂದರು ಅಪ್ಪ, ನಿಲ್ಲದೆ.

ಹೊಸ ಸೊಪ್ಪು ಹರಡಿದ ಮೇಲೂ ಸ್ವಲ್ಪ ಹೊತ್ತು ಕೋಣೆ ಹಾಗೇ ಇತ್ತು. ಆಮೇಲೆ ಕಿಟಕಿಯ ಪಕ್ಕದ ತಟ್ಟೆಯಿಂದ ಸಣ್ಣಗೆ ಶುರುವಾಯಿತು, ಅದರ ಕೆಳಗಿನದು ಸೇರಿಕೊಂಡಿತು, ಕೊನೆಗೆ ಇಡೀ ಕೋಣೆಯೇ ಅಕ್ಕಿ ಕೇರತೊಡಗಿತು. ಅಮ್ಮ ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿ ಕೂತಳು. 'ತಿಂತಾವೆ ರೀ, ತಿಂತಾವೆ' ಎಂದು ಅಳುತ್ತ ನಕ್ಕಳು. ಬದುಕಿನಲ್ಲಿ ಆಮೇಲೆ ಪರೀಕ್ಷೆಯ ಫಲಿತಾಂಶ, ಆಸ್ಪತ್ರೆಯ ರಿಪೋರ್ಟು ಎಂದು ಎಷ್ಟೋ ಸಲ ಜೀವ ಕೈಯಲ್ಲಿ ಹಿಡಿದು ಕಾದಿದ್ದೇನೆ. ಒಳ್ಳೆಯ ಸುದ್ದಿ ಬಂದಾಗಲೆಲ್ಲ ನನ್ನ ಕಿವಿಗೆ ಮೊದಲು ಕೇಳಿಸುವುದು ಆ ಸದ್ದೇ.

ಅಂದು ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿಯುತ್ತ, ತಟ್ಟೆಯನ್ನೇ ನೋಡುತ್ತ ಹೇಳಿದರು.

"ಭಾನುವಾರ ಅಬ್ಬಾಸಣ್ಣನ್ನ ಬರೋಕೆ ಹೇಳ್ತೀನಿ. ಗಾಡಿ ವಾಪಸ್ ತಗೊಂಡು ಹೋಗ್ಲಿ."

ಅಮ್ಮ ಗೆದ್ದಿದ್ದಳು. ಆದರೆ ಅವಳ ಮುಖ ಗೆದ್ದವರ ಮುಖದ ಹಾಗಿರಲಿಲ್ಲ. ಗಾಡಿಯಲ್ಲಿ ಅಪ್ಪನ ಬೆನ್ನ ಹಿಂದೆ ಕೂತು ತವರಿಗೆ ಹೋಗಿಬಂದ ಒಂದು ದಿನ, ಗಾಳಿಗೆ ಜಡೆಯೆಲ್ಲ ಬಿಚ್ಚಿಹೋಗಿ, ಕನ್ನಡಿಯ ಮುಂದೆ ನಿಂತು 'ಅಯ್ಯೋ, ದೆವ್ವ ಇದ್ದಂಗೆ ಕಾಣ್ತೀನಿ' ಎಂದು ಅವಳು ನಕ್ಕದ್ದು ನನಗೆ ನೆನಪಿತ್ತು. ಅವಳಿಗೂ ನೆನಪಿದ್ದಿರಬೇಕು. ಅಪ್ಪನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ನಾನು ಎದ್ದು, ಸೊಪ್ಪಿನ ಕೋಣೆಯಿಂದ ಹೊರಬಿದ್ದು ಹಿತ್ತಿಲ ಹೊಂಗೆ ಮರದ ಕೆಳಗೆ ಅನಾಥವಾಗಿ ನಿಂತಿದ್ದ ಗಾಡಿಯ ಹತ್ತಿರ ಹೋಗಿ ಅತ್ತುಬಂದೆ.

ಭಾನುವಾರ ಅಬ್ಬಾಸಣ್ಣ ಗೌರಿಬಿದನೂರು, ಚಿಕ್ಕಬಳ್ಳಾಪುರ ಎಂದು ಬಸ್ಸು ಬದಲಿಸಿ ಬಂದರು. ಬೀದಿ ಬಾಗಿಲಲ್ಲೇ ನಿಂತು ಕೂಗಿದರು.

"ಅಕ್ಕಾ, ಒಳಗೆ ಬರ್‌ಬಹುದಾ? ನಿಮ್ಮ ಹುಳದ ಮೇಲೆ ಆಣೆ, ಇವತ್ತು ಅತ್ತರ್ ಹಾಕಿಲ್ಲ!"

ಅಮ್ಮ ನಕ್ಕಳು. ಕೊಡುವ ಗಾಡಿಯನ್ನು ಕೊಳಕಾಗಿ ಕೊಡಬಾರದೆಂದು ಅಪ್ಪ ಹಿತ್ತಿಲಲ್ಲಿ ಹಳೇ ಪೇಪರು ಹಾಸಿ ಎರಡೂ ಕಾರ್ಬೊರೇಟರುಗಳನ್ನು ಬಿಚ್ಚಿ ತೊಳೆಯಲು ಕೂತಿದ್ದರು. ಅಬ್ಬಾಸಣ್ಣ ಎಡಗಡೆಯದರ ಸೂಜಿಯನ್ನು ತೆಗೆದು, ಜೇಬಿನಲ್ಲಿ ಸದಾ ಇರುತ್ತಿದ್ದ ಕಲ್ಲು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ನೋಡಿದರು.

"ಸೂಜಿಗೆ ಏನೂ ಆಗಿಲ್ಲ ಮೇಷ್ಟ್ರೇ. ಹೊಸದು ಹೊಸದಾಗೇ ಇದೆ. ಮತ್ತೆ ಯಾಕೆ ಸೋರ್ತದೆ ಇದು?"

ಪೇಪರಿನ ಮೇಲೆ ಎರಡು ಹಿತ್ತಾಳೆಯ ಉಂಡೆಗಳಿದ್ದವು. ಒಳಗೆ ಟೊಳ್ಳು. ಕಾರ್ಬೊರೇಟರಿನ ಬಟ್ಟಲಿಗೆ ಪೆಟ್ರೋಲು ಬಂದಂತೆ ಅದರ ಮೇಲೆ ಈ ಉಂಡೆ ತೇಲಿ ಮೇಲಕ್ಕೇರುತ್ತದೆ, ಸಾಕಷ್ಟು ತುಂಬಿದಾಗ ಸೂಜಿಯನ್ನು ಒತ್ತಿ ಪೆಟ್ರೋಲಿನ ದಾರಿ ಮುಚ್ಚುತ್ತದೆ. ಇದು ನನಗೆ ಗೊತ್ತಾದದ್ದು ಆಮೇಲೆ. ಆಗ ನನಗೆ ಕಂಡದ್ದು ಅದರ ಗಾತ್ರ ಮಾತ್ರ, ಹೆಚ್ಚುಕಡಿಮೆ ಒಂದು ದಪ್ಪ ರೇಷ್ಮೆಗೂಡಿನಷ್ಟು. ಗೂಡು ಕೈಗೆ ಬಂದರೆ ನಮ್ಮ ಕಡೆಯವರು ಮೊದಲು ಮಾಡುವುದು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಒಳಗೆ ಜೀವಂತ ಹುಳು ಇದ್ದರೆ ಗೋಡೆಗೆ ಬಡಿದು ಟಕಟಕ ಎನ್ನುತ್ತದೆ, ಕೊಳೆತು ಅಂಟಿಕೊಂಡಿದ್ದರೆ ಸದ್ದಿಲ್ಲ. ನಾನು ಅಭ್ಯಾಸಬಲದಿಂದ ಒಂದು ಉಂಡೆಯನ್ನು ಅಲ್ಲಾಡಿಸಿದೆ, ಸದ್ದಿಲ್ಲ. ಇನ್ನೊಂದನ್ನು ಅಲ್ಲಾಡಿಸಿದೆ.

"ಅಪ್ಪಾ, ಇದರಲ್ಲಿ ಏನೋ ಇದೆ."

"ಅದರಲ್ಲಿ ಏನಿರುತ್ತಮ್ಮ, ಗಾಳಿ" ಎಂದು ಅಪ್ಪ ಕೈಯೊಡ್ಡಿದರು. ಅಲ್ಲಾಡಿಸಿದರು. ಮುಖ ಬದಲಾಯಿತು. ಅಬ್ಬಾಸಣ್ಣ ಇಸಿದುಕೊಂಡು ಅಲ್ಲಾಡಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ತಡೆಯಲಾಗಲಿಲ್ಲ. ಬಂದು, ಅದನ್ನು ಬೆರಳ ತುದಿಯಲ್ಲಿ ಹಿಡಿದು, ಮಾರುಕಟ್ಟೆಯಲ್ಲಿ ಗೂಡು ನೋಡುವವರ ಗತ್ತಿನಲ್ಲೇ ಕಿವಿಗೆ ಹಿಡಿದಳು.

"ಒಳಗೆ ನೀರಾಡ್ತಿದೆ ರೀ."

ಅಪ್ಪ ಎದ್ದು ನಿಂತುಬಿಟ್ಟರು. ಉಂಡೆ ಎಲ್ಲೋ ತೂತಾಗಿದೆ, ಒಳಗೆ ಪೆಟ್ರೋಲು ಸೇರಿ ಭಾರವಾಗಿದೆ, ತೇಲುವ ಬದಲು ಮುಳುಗಿ ಕೂತಿದೆ, ಅದಕ್ಕೇ ಸೂಜಿ ದಾರಿ ಮುಚ್ಚುತ್ತಿಲ್ಲ ಎಂದು ಒಂದೇ ಉಸಿರಿಗೆ ಹೇಳಿದರು. ಮೆಕ್ಯಾನಿಕ್ಕಿಗೂ ತೋಚಿರಲಿಲ್ಲ, ತೇಲುವುದು ಮುಳುಗುವುದನ್ನೇ ಪಾಠ ಹೇಳುವ ತಮಗೂ ತೋಚಿರಲಿಲ್ಲ ಎಂದು ತಲೆ ಚಚ್ಚಿಕೊಂಡರು. ಅಮ್ಮ ಸ್ನಾನದ ಹಂಡೆಯಿಂದ ಬಿಸಿನೀರು ಮೊಗೆದು ತಂದುಕೊಟ್ಟಳು. ಬೆಂಕಿಯ ಹತ್ತಿರ ಬೇಡವೆಂದು ಹಿತ್ತಿಲ ಮೂಲೆಯಲ್ಲಿ ಪಾತ್ರೆಯಿಟ್ಟು ಅಪ್ಪ ಉಂಡೆಯನ್ನು ಮುಳುಗಿಸಿದರು. ಅದರ ಬೆಸುಗೆಯ ಗೆರೆಯಿಂದ ಸೂಜಿಮೊನೆಯಂಥ ಗುಳ್ಳೆಗಳು ಸಾಲಾಗಿ ಎದ್ದವು. ಅಪ್ಪ ಅಲ್ಲಿಗೆ ಉಗುರಿನಿಂದ ಗುರುತು ಮಾಡಿದರು. ಮತ್ತೆ ಮತ್ತೆ ಬಿಸಿನೀರಿಗೆ ಹಾಕಿ, ಒಳಗಿನದೆಲ್ಲ ಆರಿಹೋಗಿ ಸದ್ದು ನಿಂತಿದೆ ಎಂದು ಅಮ್ಮ ತೀರ್ಪು ಕೊಟ್ಟ ಮೇಲೆ, ಬೀದಿಯ ರೇಡಿಯೊ ರಿಪೇರಿ ಅಂಗಡಿಗೆ ಹೋಗಿ ಸಾಸಿವೆ ಕಾಳಿನಷ್ಟು ಬೆಸುಗೆ ಹಾಕಿಸಿಕೊಂಡು ಬಂದರು. ಎಲ್ಲ ಜೋಡಿಸಿ ಟ್ಯಾಪ್ ತೆರೆದರು. ನಾವು ನಾಲ್ವರೂ ಬಗ್ಗಿ ನೋಡಿದೆವು. ಹನಿ ಬೀಳಲಿಲ್ಲ.

"ನಿಂತ್ಹೋಯ್ತು!" ಎಂದು ಅಬ್ಬಾಸಣ್ಣ ಚಪ್ಪಾಳೆ ತಟ್ಟಿದರು. ಅಪ್ಪ ಅಮ್ಮನ ಕಡೆ ನೋಡಿದರು.

"ಚಿಕ್ಕಬಳ್ಳಾಪುರದವನು ಮಾಡಿದಾಗ್ಲೂ ನಿಂತಿತ್ತು" ಎಂದಳು ಅಮ್ಮ. ಒಳಗೆ ಹೋಗಿ ಒಂದು ಎಳೇ ಸೊಪ್ಪಿನೆಲೆ ತಂದು ಎಡಗಡೆಯ ಕಾರ್ಬೊರೇಟರಿನ ಕೆಳಗೆ ನೇರವಾಗಿ ಇಟ್ಟು, ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿದಳು. "ಊಟ ಆಗ್ಲಿ. ಸಾಯಂಕಾಲ ನೋಡಣ. ಹುಳ ಹೇಳ್ಲಿ."

ಅಬ್ಬಾಸಣ್ಣ ಒಗ್ಗರಣೆಯಿಲ್ಲದ ಸಾರನ್ನು ಹೊಗಳಿ ಹೊಗಳಿ ಉಂಡರು. ಬಿಸಿಲು ಇಳಿದ ಮೇಲೆ ಅಮ್ಮ ಎಲೆಯನ್ನು ಎತ್ತಿಕೊಂಡಳು. ನನ್ನ ಮೂಗಿಗೂ ಹಿಡಿಯದೆ ನೇರವಾಗಿ ಹುಳು ಕೋಣೆಗೆ ನಡೆದು, ಒಂದೇ ಒಂದು ಹುಳುವನ್ನು ಖಾಲಿ ತಟ್ಟೆಗೆ ಬಿಟ್ಟು ಅದರ ಮುಂದೆ ಇಟ್ಟಳು. ನಾವು ಹೊಸಿಲ ಈಚೆ. ಹುಳು ತಲೆಯೆತ್ತಿ ಅತ್ತ ಇತ್ತ ಆಡಿಸಿತು. ಅಪ್ಪ ನನ್ನ ಕೈ ಹಿಡಿದುಕೊಂಡಿದ್ದರು, ಬಿಗಿಯಾಗಿ. ಹುಳು ತಲೆ ತಗ್ಗಿಸಿ ಎಲೆಯಂಚನ್ನು ಹಿಡಿದು ಕೊರೆಯತೊಡಗಿತು.

ಅಮ್ಮ ತಿರುಗಿ ನೋಡದೆಯೇ ಹೇಳಿದಳು.

"ಅಬ್ಬಾಸಣ್ಣ, ಸಾಯಂಕಾಲ ಬಸ್ಸು ಎಷ್ಟೊತ್ತಿಗೆ ನಿಮಗೆ?"

ಅಬ್ಬಾಸಣ್ಣ ಹೊಟ್ಟೆ ಹಿಡಿದು ನಕ್ಕರು. "ನಂಗೆ ಗಾಡಿ ಬೇಕಿತ್ತು ಅಂದ್ಕೊಂಡ್ರಾ ಅಕ್ಕಾ? ಮೇಷ್ಟ್ರ ಮುಖ ನೋಡೋಣ ಅಂತ ಬಂದಿದ್ದು ನಾನು." ಅಪ್ಪ ಅವರನ್ನು ಅದೇ ಗಾಡಿಯಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟುಬಂದರು. ಟ್ಯಾಂಕಿನ ಮೇಲೆ ನಾನಿದ್ದೆ. ಆ ಬೆಳೆಯ ಗೂಡು ಗಟ್ಟಿಯಾಗಿ ಬಂತು, ಅಪ್ಪ ಖಾಲಿ ಚೀಲ ಹಿಡಿದು ಬಂದರು, ಸಾಸಿವೆ ಸಿಡಿಯಿತು.

ಈಗ ನಾವಿರುವುದು ಚಿಕ್ಕಬಳ್ಳಾಪುರದಲ್ಲಿ. ಹುಳು ಸಾಕುವುದು ಬಿಟ್ಟು ಬಹಳ ಕಾಲವಾಯಿತು. ಅಪ್ಪ ಇಲ್ಲ. ಅವರು ಹೋದ ಮೇಲೆ ಹಳೇ ಗಾಡಿಗಳ ಹುಚ್ಚಿನವರು ಬಂದು ಬಂದು ಕೇಳಿದರು, ಅಮ್ಮ ಯಾರಿಗೂ ಕೊಡಲಿಲ್ಲ. ಅದು ನಮ್ಮ ಪೋರ್ಟಿಕೋದಲ್ಲಿ ನಿಂತಿದೆ, ಭಾನುವಾರ ನಾನೇ ಒಂದು ಸುತ್ತು ಹೊಡೆಸುತ್ತೇನೆ. ಹೋದ ತಿಂಗಳು ಒಂದು ಬೆಳಿಗ್ಗೆ ಅಮ್ಮ ಹೊರಗಿನಿಂದ ಕೂಗಿದಳು.

"ಸುಮಾ, ವಾಸನೆ ಬರ್ತಿದೆ ಕಣೇ."

ನನಗೆ ಏನೂ ಬರಲಿಲ್ಲ. ಕೆಲವು ವರ್ಷದ ಹಿಂದಿನ ಜ್ವರ ನನ್ನ ಮೂಗನ್ನು ಮಂಕು ಮಾಡಿದೆ. ಅಪ್ಪ ಹಾಕಿಸಿದ ಬೆಸುಗೆ ಬಿಟ್ಟುಕೊಂಡಿತೇ? ಆ ಉಂಡೆ ಹಾಳಾದರೆ ಅವರದೇ ಏನೋ ಇನ್ನೊಂದು ಹೋದಂತೆ ಅನಿಸಿತು. ಭಾನುವಾರ ಪೇಪರು ಹಾಸಿ ಎರಡೂ ಕಾರ್ಬೊರೇಟರು ಬಿಚ್ಚಿದೆ. ಎಡಗಡೆಯ ಉಂಡೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ಇನ್ನೊಂದರಲ್ಲೂ ಇಲ್ಲ. ಸಾಸಿವೆ ಕಾಳಿನಷ್ಟು ಬೆಸುಗೆ ಇದ್ದಲ್ಲೇ ಮಿನುಗುತ್ತಿತ್ತು. ಹಾಳಾಗಿದ್ದದ್ದು ಬಟ್ಟಲಿನ ಸುತ್ತ ಕೂರುವ ರಬ್ಬರು ಉಂಗುರ ಮಾತ್ರ. ಈಗಿನ ಪೆಟ್ರೋಲಿಗೆ ಹಳೇ ರಬ್ಬರು ತಡೆಯುವುದಿಲ್ಲ, ಬಿರಿದು ಗಟ್ಟಿಯಾಗಿತ್ತು. ಎರಡಕ್ಕೂ ಹೊಸದು ಹಾಕಿ, ಟ್ಯಾಪ್ ತೆರೆದು, ನೆಲದ ಮೇಲೆ ಕೂತು ಸಮಾಧಾನದ ಉಸಿರುಬಿಟ್ಟೆ.

ತಲೆಯೆತ್ತಿದಾಗ ಅಮ್ಮ ಕಾಂಪೌಂಡಿನ ಮೂಲೆಯಲ್ಲಿದ್ದಳು, ಅವಳೇ ನೆಟ್ಟ ಹಿಪ್ಪುನೇರಳೆ ಗಿಡದ ಹತ್ತಿರ. ಒಂದು ಎಳೇ ಎಲೆ ಕಿತ್ತು ತಂದು, ಕಷ್ಟಪಟ್ಟು ಬಗ್ಗಿ, ಎಡಗಡೆಯ ಕಾರ್ಬೊರೇಟರಿನ ಕೆಳಗೆ ಇಟ್ಟು ಒದ್ದೆ ಕರವಸ್ತ್ರ ಹೊದಿಸಿದಳು. ಸಾಯಂಕಾಲ ಅದನ್ನು ಎತ್ತಿ ತನ್ನ ಮೂಗಿಗೆ ಹಿಡಿದಳು, ನನ್ನ ಮೂಗಿಗೆ ಹಿಡಿದಳು. ನನ್ನ ಮೂಗನ್ನು ನಾನೇ ನಂಬುವಂತಿರಲಿಲ್ಲ.

"ನನಗೆ ಗೊತ್ತಾಗಲ್ಲಮ್ಮ" ಎಂದೆ. "ಕೇಳೋಣ ಅಂದ್ರೆ ಹುಳನೂ ಇಲ್ಲ."

ಅಮ್ಮ ಎಲೆಯನ್ನು ಸೆರಗಿಗೆ ಒರೆಸಿ, ಅಂಚನ್ನು ಬಾಯಿಗಿಟ್ಟು ಕಚ್ಚಿದಳು. ನಿಧಾನವಾಗಿ ಅಗಿದಳು. ನುಂಗಿದಳು.

"ತಿನ್ನಬಹುದು ಕಣೇ" ಎಂದು ಗಾಡಿಯ ಸೀಟಿನ ಮೇಲೆ ಒಮ್ಮೆ ಕೈಯಾಡಿಸಿ, ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು.